ಬಿಸಿಲಿನ ಲೆಕ್ಕ, ತೋಟದ ನೀರು

(ಚಿಕ್ಕಮಗಳೂರಿನಲ್ಲಿ ಕಾಫಿ ಬೆಳೆಗಾರರು, ವಿಜ್ಞಾನ ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಉಪಯೋಗಕ್ಕೆ ಬರುವಷ್ಟನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳಿಂದ ಪತ್ರಿಕೆಗಳಲ್ಲಿ, ಮೊಬೈಲಿನಲ್ಲಿ ಒಂದು ಬಗೆಯ ಸುದ್ದಿ ಮತ್ತೆ ಮತ್ತೆ ಬರುತ್ತಿರುವುದನ್ನು ನೀವು ನೋಡಿರಬಹುದು. ಬಿಸಿಲು ಬಿದ್ದರೆ ಸಾಕು, ಕೊಳಕು ನೀರನ್ನು ತಾನೇ ಶುದ್ಧ ಮಾಡುವ ನ್ಯಾನೊ ಪೊರೆ ಬಂದಿದೆಯಂತೆ. ಜೊತೆಗೆ ಎರಡು ಗಾಜಿನ ಲೋಟಗಳ ಚಿತ್ರ. ಒಂದರಲ್ಲಿ ನೀಲಿ ನೀರು, ಪಕ್ಕದ್ದರಲ್ಲಿ ತಿಳಿನೀರು. ಆ ಪೊರೆ ನಿಜ, ಅದರ ಹಿಂದಿನ ರಸಾಯನ ವಿಜ್ಞಾನವೂ ನಿಜ. ಆದರೆ ಅದನ್ನು ತಂದು ನಮ್ಮ ತೋಟದ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದರೆ ಏನಾಗುತ್ತದೆ? ಚಿತ್ರ ಅದನ್ನು ಹೇಳುವುದಿಲ್ಲ, ಲೆಕ್ಕ ಹೇಳುತ್ತದೆ. ಆ ಲೆಕ್ಕವನ್ನು ಇವತ್ತು ನಿಮ್ಮೆದುರಿಗೇ ಹಾಕೋಣ ಅಂತ ಬಂದಿದ್ದೇನೆ. ಗುಣಾಕಾರ ಭಾಗಾಕಾರ ಗೊತ್ತಿದ್ದರೆ ಸಾಕು.

ಈ ಜಿಲ್ಲೆಯಲ್ಲಿ ನಿಂತು ನೀರಿನ ವಿಷಯ ಹಗುರವಾಗಿ ಮಾತಾಡುವ ಹಾಗಿಲ್ಲ. ಕುದುರೆಮುಖದ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುತ್ತವೆ. ಮೂಡಿಗೆರೆ ಕಡೆ ಹೇಮಾವತಿ, ಬಾಬಾಬುಡನ್‌ಗಿರಿ ಸಾಲಿನಿಂದ ಯಗಚಿ. ಇಲ್ಲಿನ ಒಂದು ಗುಡ್ಡದ ಈಚೆ ಬಿದ್ದ ಮಳೆ ಕೃಷ್ಣೆ ಸೇರಿದರೆ ಆಚೆ ಬಿದ್ದದ್ದು ಕಾವೇರಿಗೆ ಹೋಗುತ್ತದೆ, ಪಡುವಣ ಇಳಿಜಾರಿನದ್ದು ನೇರ ಅರಬ್ಬಿ ಸಮುದ್ರಕ್ಕೆ. ನಾವು ಮೇಲೆ ಕೂತವರು. ಹಳ್ಳಕ್ಕೆ ಏನು ಬಿಟ್ಟರೂ ಅದು ಕೆಳಗಿನವರ ಬಿಂದಿಗೆಗೆ ಹೋಗುತ್ತದೆ.

ಮೊದಲು ಬೆಳಕು ಏನು ಮಾಡುತ್ತದೆ ನೋಡೋಣ. 1972ರಲ್ಲಿ ಜಪಾನಿನ ಅಕಿರ ಫುಜಿಶಿಮಾ ಮತ್ತು ಕೆನಿಚಿ ಹೊಂಡಾ ಒಂದು ಚಿಕ್ಕ ಪ್ರಬಂಧ ಪ್ರಕಟಿಸಿದರು. ಟೈಟಾನಿಯಂ ಡೈಆಕ್ಸೈಡ್ ಹರಳನ್ನು ಪ್ಲಾಟಿನಂ ಜೊತೆ ತಂತಿಯಲ್ಲಿ ಜೋಡಿಸಿ ನೀರಿನಲ್ಲಿಟ್ಟು ಬೆಳಕು ಬಿಟ್ಟರೆ ನೀರು ಜಲಜನಕ, ಆಮ್ಲಜನಕವಾಗಿ ಒಡೆಯುತ್ತದೆ ಎನ್ನುವುದು ಅದರ ಸಾರ. ಮರುವರ್ಷವೇ ಜಗತ್ತಿಗೆ ತೈಲ ಬಿಕ್ಕಟ್ಟು ಬಂತು, ಹಾಗಾಗಿ ಎಲ್ಲರ ಕಣ್ಣೂ ಜಲಜನಕದ ಮೇಲೆ ಬಿತ್ತು. ಇಂಧನದ ಆಸೆ ನಿಧಾನವಾಗಿ ತಣ್ಣಗಾದ ಮೇಲೆ ಅದೇ ವಸ್ತು ನೀರಿನಲ್ಲಿರುವ ಕೊಳೆಯನ್ನೂ ಒಡೆಯುತ್ತದೆ ಎನ್ನುವ ಕಡೆ ಗಮನ ಹರಿಯಿತು. 1985ರಲ್ಲಿ ಜಪಾನಿನವರೇ ಆದ ತದಾಶಿ ಮತ್ಸುನಾಗ ಮತ್ತು ಸಂಗಡಿಗರು ಇದರಿಂದ ಸೂಕ್ಷ್ಮಾಣುಗಳೂ ಸಾಯುತ್ತವೆ ಎಂದು ತೋರಿಸಿದರು. ಅಂದ ಹಾಗೆ ಟೈಟಾನಿಯಂ ಡೈಆಕ್ಸೈಡ್ ಅಪರೂಪದ ವಸ್ತುವಲ್ಲ. ಈ ಸಭಾಂಗಣದ ಗೋಡೆಯ ಪೇಂಟಿನ ಬಿಳುಪು ಅದರದ್ದೇ.

ಹರಳಿಗೆ ಸಾಕಷ್ಟು ಶಕ್ತಿಯಿರುವ ಬೆಳಕಿನ ಕಣ, ಅಂದರೆ ಫೋಟಾನ್, ತಾಕಿದಾಗ ಒಂದು ಎಲೆಕ್ಟ್ರಾನ್ ತನ್ನ ಜಾಗ ಬಿಟ್ಟು ಮೇಲಿನ ಮಟ್ಟಕ್ಕೆ ಏರುತ್ತದೆ. ಅದು ಬಿಟ್ಟುಹೋದ ತೆರವು ಸುಮ್ಮನಿರುವುದಿಲ್ಲ. ಹರಳಿನ ಮೇಲ್ಮೈಗೆ ಬಂತು ಅಂದರೆ ಪಕ್ಕದಲ್ಲಿರುವ ನೀರಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಆಗ ಹುಟ್ಟುವುದು ಸಿಕ್ಕಿದ್ದರ ಮೇಲೆಲ್ಲ ಎರಗುವ ಒಂದು ಚುರುಕು ತುಣುಕು, ಹೆಸರು ಹೈಡ್ರಾಕ್ಸಿಲ್ ರ‍್ಯಾಡಿಕಲ್. ಮೇಲೇರಿದ ಎಲೆಕ್ಟ್ರಾನ್ ಇತ್ತ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಸೇರಿ ಸೂಪರ್‌ಆಕ್ಸೈಡ್ ಆಗುತ್ತದೆ. ಈ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ನ ಉತ್ಕರ್ಷಣ ಬಲ, ಅಂದರೆ ಬೇರೆ ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವ ಬಲ, ಸುಮಾರು 2.8 ವೋಲ್ಟ್. ಓಝೋನ್‌ನದ್ದು 2.1ರ ಹತ್ತಿರ, ನಲ್ಲಿ ನೀರಿಗೆ ಹಾಕುವ ಕ್ಲೋರಿನ್‌ನದ್ದು 1.4ರ ಹತ್ತಿರ. ಹಾಗಾಗಿ ಅದು ಕೀಟನಾಶಕ, ಬಣ್ಣ, ಆ್ಯಂಟಿಬಯಾಟಿಕ್ ಎಂದು ನೋಡುವುದಿಲ್ಲ. ಸಿಕ್ಕಿದ ಸಾವಯವ ಅಣುವನ್ನು ಒಡೆಯುತ್ತಾ ಹೋಗುತ್ತದೆ. ಕೊನೆ ಮುಟ್ಟುವವರೆಗೂ ಬಿಟ್ಟರೆ ಉಳಿಯುವುದು ಇಂಗಾಲದ ಡೈಆಕ್ಸೈಡ್, ನೀರು, ಒಂದಿಷ್ಟು ಲವಣ.

ಕೇಳುವುದಕ್ಕೆ ಚೆನ್ನಾಗಿದೆ. ತೊಡಕು ಎರಡು. ಮೇಲೇರಿದ ಎಲೆಕ್ಟ್ರಾನ್‌ಗಳಲ್ಲಿ ಬಹುಪಾಲು ಯಾವ ಕೆಲಸವನ್ನೂ ಮಾಡದೆ ತೆರವಿಗೇ ವಾಪಸ್ ಬೀಳುತ್ತವೆ, ಬೆಳಕು ಬರೀ ಬಿಸಿಯಾಗಿ ಹೋಗುತ್ತದೆ. ಇನ್ನೊಂದು, ಟೈಟಾನಿಯಂ ಡೈಆಕ್ಸೈಡ್‌ಗೆ ಬೇಕಾದದ್ದು 387 ನ್ಯಾನೊಮೀಟರ್‌ಗಿಂತ ಕಡಿಮೆ ತರಂಗಾಂತರದ ಬೆಳಕು, ಅಂದರೆ ನೇರಳಾತೀತ. (ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು.) ನೆಲಕ್ಕೆ ಬೀಳುವ ಬಿಸಿಲಿನ ಶಕ್ತಿಯಲ್ಲಿ ಅದರ ಪಾಲು ನೂರಕ್ಕೆ ನಾಲ್ಕೋ ಐದೋ. ಅದಕ್ಕೇ ಕಾಣುವ ಬೆಳಕನ್ನೂ ಹಿಡಿಯುವ ವಸ್ತುಗಳ ಹುಡುಕಾಟ ನಡೆದಿದೆ. ಬೆಳೆಗಾರರಿಗೆ ಇಷ್ಟವಾಗಬಹುದಾದ ಒಂದು ಉದಾಹರಣೆ ಇದೆ. ಗೊಬ್ಬರದ ಯೂರಿಯಾವನ್ನೇ ಮುಚ್ಚಿದ ಮೂಸೆಯಲ್ಲಿಟ್ಟು ಸುಮಾರು 550 ಡಿಗ್ರಿಗೆ ಕಾಯಿಸಿದರೆ ತಿಳಿ ಹಳದಿ ಪುಡಿಯೊಂದು ಸಿಗುತ್ತದೆ. ಹೆಸರು ಗ್ರಾಫಿಟಿಕ್ ಕಾರ್ಬನ್ ನೈಟ್ರೈಡ್. ಅದು 460 ನ್ಯಾನೊಮೀಟರ್‌ವರೆಗಿನ, ಅಂದರೆ ನೀಲಿ ಬೆಳಕನ್ನೂ ಹೀರುತ್ತದೆ. ಆದರೆ ಅದರ ತೆರವಿಗೆ ಟೈಟಾನಿಯಂನಷ್ಟು ಬಲವಿಲ್ಲ. ನೀರಿನಿಂದ ನೇರವಾಗಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಮಾಡಲಾರದೆ, ಆಮ್ಲಜನಕದ ಕಡೆಯಿಂದ ಸುತ್ತು ಹಾಕಿ ಬರಬೇಕು. ಬೆಳಕು ಹೆಚ್ಚು ಸಿಕ್ಕಿತು, ಬಲ ಕಡಿಮೆಯಾಯಿತು. ಈ ಕ್ಷೇತ್ರದಲ್ಲಿ ಯಾವುದೂ ಪುಕ್ಕಟೆ ಸಿಗುವುದಿಲ್ಲ.

ಇನ್ನು ನಾರಿನ ವಿಷಯ. ಸುದ್ದಿಯ ಆ ಪೊರೆ ಅಂದರೆ ಇಂಥ ವಸ್ತುವನ್ನು ಹೊತ್ತ, ತೀರಾ ತೆಳುವಾದ ಪ್ಲಾಸ್ಟಿಕ್ ಎಳೆಗಳ ಬಟ್ಟೆ. ಮೊದಮೊದಲು ಎಲ್ಲರೂ ಮಾಡಿದ್ದು ಪುಡಿಯನ್ನು ನೀರಿಗೆ ಹಾಕಿ ಕದಡುವುದು. ಕೆಲಸವೇನೋ ಆಗುತ್ತದೆ. ಆದರೆ 20 ನ್ಯಾನೊಮೀಟರ್ ಗಾತ್ರದ ಕಣಗಳನ್ನು ಮತ್ತೆ ನೀರಿನಿಂದ ಹೊರಗೆ ತೆಗೆಯುವುದು ಕೊಳೆ ತೆಗೆಯುವುದಕ್ಕಿಂತ ದೊಡ್ಡ ತಲೆನೋವು. ಸರಿ, ಗಾಜಿನ ಹಲಗೆಗೋ ತೊಟ್ಟಿಯ ತಳಕ್ಕೋ ಬಳಿದುಬಿಟ್ಟರೆ? ಇಲ್ಲಿ ಸ್ವಲ್ಪ ನಿಲ್ಲಬೇಕು. ನಾರು ಯಾಕೆ ಬೇಕು ಎನ್ನುವುದರ ಉತ್ತರ ಇಲ್ಲಿದೆ, ಸುದ್ದಿಗಳಲ್ಲಿ ಇದನ್ನು ಯಾರೂ ಬರೆಯುವುದಿಲ್ಲ.

ಹೈಡ್ರಾಕ್ಸಿಲ್ ರ‍್ಯಾಡಿಕಲ್‌ನ ಆಯುಷ್ಯ ತೀರಾ ಕಡಿಮೆ. ಹುಟ್ಟಿದ ಜಾಗದಿಂದ ಕೆಲವು ನ್ಯಾನೊಮೀಟರ್ ದೂರ ಹೋಗುವಷ್ಟರಲ್ಲಿ ಯಾವುದಕ್ಕಾದರೂ ಡಿಕ್ಕಿ ಹೊಡೆದು ಮುಗಿದುಹೋಗುತ್ತದೆ. ಅಂದರೆ ಅದು ಕೊಳೆಯನ್ನು ಹುಡುಕಿಕೊಂಡು ಹೋಗುವುದಿಲ್ಲ, ಕೊಳೆಯೇ ಅದರ ಹತ್ತಿರ ಬರಬೇಕು. ನಿಂತ ನೀರಿನಲ್ಲಿ ಸಣ್ಣ ಅಣುವೊಂದು ತಾನಾಗಿ ಒಂದು ಮಿಲಿಮೀಟರ್ ಸರಿಯುವುದಕ್ಕೆ ಸುಮಾರು ಕಾಲು ಗಂಟೆ ತೆಗೆದುಕೊಳ್ಳುತ್ತದೆ. ಅದೇ ಅಣು ಒಂದು ಮೈಕ್ರೋಮೀಟರ್ ಸರಿಯಲು ಬೇಕಾಗುವುದು ಒಂದು ಮಿಲಿಸೆಕೆಂಡ್. ದೂರ ಸಾವಿರ ಪಾಲು ಕಡಿಮೆಯಾದರೆ ಸಮಯ ಹತ್ತು ಲಕ್ಷ ಪಾಲು ಕಡಿಮೆಯಾಗುತ್ತದೆ. ತೊಟ್ಟಿಯ ತಳಕ್ಕೆ ಬಳಿದ ಪದರಕ್ಕೂ ನಾರಿನ ಪೊರೆಗೂ ಇರುವ ವ್ಯತ್ಯಾಸ ಇದೇ. ಪೊರೆಯ ಮೂಲಕ ನೀರು ತೂರಿ ಹೋಗುವಾಗ ಪ್ರತಿ ಹನಿಯೂ ಯಾವುದೋ ಒಂದು ಎಳೆಯಿಂದ ಒಂದೆರಡು ಮೈಕ್ರೋಮೀಟರ್ ದೂರದಲ್ಲೇ ಇರುತ್ತದೆ. ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಇಂಥ ಎಳೆ ತೆಗೆಯುವ ವಿಧಾನಕ್ಕೆ ಎಲೆಕ್ಟ್ರೋಸ್ಪಿನ್ನಿಂಗ್ ಎನ್ನುತ್ತಾರೆ, ಅದು ಹಳೆಯದು. ಅಮೆರಿಕದಲ್ಲಿ 1902ರಲ್ಲೇ ಇದಕ್ಕೆ ಪೇಟೆಂಟ್ ಆಗಿತ್ತು. ಆಮೇಲೆ ಅಷ್ಟಾಗಿ ಯಾರೂ ಕೇಳಲಿಲ್ಲ. 1990ರ ದಶಕದಲ್ಲಿ ನ್ಯಾನೊ ಎಂಬ ಮಾತು ಓಡತೊಡಗಿದಾಗ ಮತ್ತೆ ಧೂಳು ಕೊಡವಿ ಎತ್ತಿಕೊಂಡರು. ಪ್ಲಾಸ್ಟಿಕ್ಕನ್ನು ದ್ರಾವಕದಲ್ಲಿ ಕರಗಿಸಿ ಸಿರಿಂಜಿಗೆ ತುಂಬುತ್ತಾರೆ. ಸೂಜಿಗೂ ಎದುರಿಗಿರುವ ಲೋಹದ ತಗಡಿಗೂ ನಡುವೆ 10ರಿಂದ 30 ಸಾವಿರ ವೋಲ್ಟ್ ಕೊಡುತ್ತಾರೆ. ಶ್ಯಾವಿಗೆ ಒರಳಿನಲ್ಲಿ ನಾವು ಹಿಟ್ಟನ್ನು ಮೇಲಿನಿಂದ ಒತ್ತಿ ಎಳೆ ತೆಗೆಯುತ್ತೇವಲ್ಲ, ಇಲ್ಲಿ ಒತ್ತುವುದಿಲ್ಲ, ವಿದ್ಯುತ್ತು ಎದುರಿನಿಂದ ಎಳೆಯುತ್ತದೆ. ಸೂಜಿಯ ತುದಿಯ ಹನಿ ಶಂಕುವಿನ ಆಕಾರಕ್ಕೆ ಬಂದು, ಅದರ ಮೊನೆಯಿಂದ ಧಾರೆ ಚಿಮ್ಮಿ, ಗಾಳಿಯಲ್ಲಿ ಸುತ್ತಿ ಸುತ್ತಿ ತೆಳುವಾಗುತ್ತಾ ದ್ರಾವಕ ಆರಿ ತಗಡಿನ ಮೇಲೆ ಬಿಳಿ ಬಟ್ಟೆಯ ಹಾಗೆ ಕೂಡುತ್ತದೆ. ಆ ಶಂಕುವಿನ ಗಣಿತವನ್ನು 1964ರಲ್ಲಿ ಇಂಗ್ಲೆಂಡಿನ ಜೆಫ್ರಿ ಟೇಲರ್ ಬಿಡಿಸಿದರು, ಅವರ ಹೆಸರೇ ಅದಕ್ಕೆ ನಿಂತಿದೆ. ಎಳೆಯ ದಪ್ಪ 200 ನ್ಯಾನೊಮೀಟರ್ ಎಂದುಕೊಳ್ಳಿ. ಒಂದು ಗ್ರಾಂ ಪ್ಲಾಸ್ಟಿಕ್ಕಿನಿಂದ ಸುಮಾರು 26,000 ಕಿಲೋಮೀಟರ್ ಉದ್ದದ ಎಳೆ ಬರುತ್ತದೆ. ಅದರ ಮೇಲ್ಮೈ 16 ಚದರ ಮೀಟರ್, ಒಂದು ದೊಡ್ಡ ಕೋಣೆಯ ನೆಲದಷ್ಟು. ನನ್ನ ಮಾತು ನಂಬಬೇಡಿ, ಸಾಂದ್ರತೆ 1.2 ಎಂದು ಇಟ್ಟುಕೊಂಡು ಮನೆಯಲ್ಲಿ ಗುಣಿಸಿ ನೋಡಿ.

ಈ ಎಳೆಗೆ ವೇಗವರ್ಧಕವನ್ನು, ಅಂದರೆ ಬೆಳಕಿನಲ್ಲಿ ಕೊಳೆ ಒಡೆಯುವ ಆ ಪುಡಿಯನ್ನು, ಸೇರಿಸುವುದು ಹೇಗೆ? ದ್ರಾವಣಕ್ಕೇ ಪುಡಿ ಬೆರೆಸುವುದು ಸುಲಭ, ಆದರೆ ಬಹಳಷ್ಟು ಕಣಗಳು ಪ್ಲಾಸ್ಟಿಕ್ಕಿನ ಒಳಗೇ ಹೂತು ನೀರಿನ ಮುಖವನ್ನೇ ಕಾಣುವುದಿಲ್ಲ. ಎಳೆಯ ಮೇಲೆ ಬೆಳೆಸಿದರೆ ಕೆಲಸ ಚೆನ್ನಾಗಿ ನಡೆಯುತ್ತದೆ, ಉದುರುವ ಭಯ ಇರುತ್ತದೆ. ಇದಕ್ಕಿಂತ ದೊಡ್ಡ ಪೇಚಾಟ ಇನ್ನೊಂದಿದೆ. ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗೆ ಕೊಳೆಯೂ ಒಂದೇ, ತಾನು ಕೂತಿರುವ ಪ್ಲಾಸ್ಟಿಕ್ ಎಳೆಯೂ ಒಂದೇ. ನೈಲಾನ್, ಸೆಲ್ಯುಲೋಸ್ ಅಸಿಟೇಟ್‌ನಂಥವನ್ನು ಅದು ನಿಧಾನವಾಗಿ ತಿಂದುಹಾಕುತ್ತದೆ. ಫ್ಲೋರಿನ್ ಇರುವ ಪಿವಿಡಿಎಫ್ ಎಂಬ ಪ್ಲಾಸ್ಟಿಕ್ ಚೆನ್ನಾಗಿ ತಡೆಯುತ್ತದೆ. ಪ್ಲಾಸ್ಟಿಕ್ಕನ್ನೇ ಸುಟ್ಟು ಬರೀ ಟೈಟಾನಿಯಂ ಡೈಆಕ್ಸೈಡ್ ಎಳೆ ಉಳಿಸಿಕೊಳ್ಳುವವರೂ ಇದ್ದಾರೆ, ಆದರೆ ಅದು ಹಪ್ಪಳಕ್ಕಿಂತ ಬೇಗ ಮುರಿಯುತ್ತದೆ. ಪೊರೆ ಎಷ್ಟು ತಿಂಗಳು ಬಾಳುತ್ತದೆ ಎಂದು ಯಾರೂ ಜಾಹೀರಾತಿನಲ್ಲಿ ಬರೆಯುವುದಿಲ್ಲ. ನೀವು ಕೇಳಬೇಕಾದ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು.

ಈಗ ಲೆಕ್ಕಕ್ಕೆ ಬರೋಣ. ಪೆನ್ನು ಇದ್ದವರು ತೆಗೆಯಿರಿ.

ಮೋಡವಿಲ್ಲದ ಜನವರಿಯ ಒಂದು ದಿನ ಇಲ್ಲಿ ಒಂದು ಚದರ ಮೀಟರ್ ಮೇಲೆ ಬೀಳುವ ಬಿಸಿಲು ಸುಮಾರು 5 ಕಿಲೋವಾಟ್ ಗಂಟೆ, ಅಂದರೆ ಕರೆಂಟಿನ ಲೆಕ್ಕದಲ್ಲಿ 5 ಯೂನಿಟ್. ನೇರಳಾತೀತದ ಪಾಲು ನೂರಕ್ಕೆ 4 ಎಂದರೆ 0.2 ಯೂನಿಟ್, ಅದು 720 ಕಿಲೋಜೂಲ್. ಮೋಲ್ ಅಂದರೆ ಡಜನ್ ಇದ್ದ ಹಾಗೆ, ಕಣಗಳನ್ನು ಎಣಿಸುವ ಒಂದು ಭಾರಿ ಲೆಕ್ಕ. ಇಂಥ ಬೆಳಕಿನ ಒಂದು ಮೋಲ್ ಫೋಟಾನ್‌ಗೆ ಸುಮಾರು 330 ಕಿಲೋಜೂಲ್ ಬೇಕು. ಹಾಗಾದರೆ ದಿನಕ್ಕೆ ಸಿಗುವುದು ಎರಡು ಮೋಲ್‌ಗಿಂತ ಸ್ವಲ್ಪ ಹೆಚ್ಚು ಫೋಟಾನ್. ನೀರಿನಲ್ಲಿರುವ ಕೊಳೆಯನ್ನೆಲ್ಲ ಪೂರ್ತಿ ಉತ್ಕರ್ಷಿಸಲು ಎಷ್ಟು ಆಮ್ಲಜನಕ ಬೇಕೋ ಅದನ್ನು ಸಿಒಡಿ ಅನ್ನುತ್ತಾರೆ, ಮಾಲಿನ್ಯ ನಿಯಂತ್ರಣದ ಕಾಗದಗಳಲ್ಲಿ ನೋಡಿರುತ್ತೀರಿ. ಒಂದು ಮೋಲ್ ಎಲೆಕ್ಟ್ರಾನ್ ಕೆಲಸ ಮಾಡಿದರೆ 8 ಗ್ರಾಂ ಸಿಒಡಿ ಕಳೆಯುತ್ತದೆ. ಒಂದು ಫೋಟಾನೂ ವ್ಯರ್ಥವಾಗದಿದ್ದರೆ ದಿನಕ್ಕೆ 17-18 ಗ್ರಾಂ. ವ್ಯರ್ಥ ಆಗುತ್ತದೆ ಎಂದು ಆಗಲೇ ಹೇಳಿದೆ. ನೂರು ಫೋಟಾನಿನಲ್ಲಿ ಒಂದು ಕೆಲಸಕ್ಕೆ ಬಂತು ಎಂದು ಹಿಡಿಯುತ್ತೇನೆ. ಆಗ ಒಂದು ಚದರ ಮೀಟರ್ ಪೊರೆ ಒಂದು ದಿನದ ಒಳ್ಳೆಯ ಬಿಸಿಲಿನಲ್ಲಿ ಕಳೆಯುವುದು 0.2 ಗ್ರಾಂಗಿಂತಲೂ ತುಸು ಕಡಿಮೆ. ದುಂಡಾಗಿ 0.2 ಎಂದೇ ಇಟ್ಟುಕೊಳ್ಳೋಣ.

ಈ ಅಂಕಿಯನ್ನು ಹಿಡಿದುಕೊಂಡು ತೋಟಕ್ಕೆ ಬನ್ನಿ. ಕಾಫಿ ಹಣ್ಣು ಕೊಯ್ದು ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ಹಾಕಿದಾಗ ಸಿಪ್ಪೆ ಬಿಡುತ್ತದೆ, ಲೋಳೆ ತೊಳೆಯುತ್ತದೆ, ಆ ನೀರಿನಲ್ಲಿ ಸಕ್ಕರೆ, ಪೆಕ್ಟಿನ್, ಒಗರಿನ ಪಾಲಿಫಿನಾಲ್ ಎಲ್ಲ ಇರುತ್ತದೆ. ಒಂದು ದಿನ ಬಿಟ್ಟರೆ ಹುಳಿಯಾಗಿ ನಾರುತ್ತದೆ. ಅದರ ಸಿಒಡಿ ಲೀಟರಿಗೆ 10 ಗ್ರಾಂ ಎಂದಿಟ್ಟುಕೊಳ್ಳಿ, ಇದಕ್ಕಿಂತ ದಪ್ಪದ್ದೂ ಇರುತ್ತದೆ. ದಿನಕ್ಕೆ 5,000 ಲೀಟರ್ ಬಿಡುವ ಒಂದು ತೋಟ. 50 ಕಿಲೋ ಸಿಒಡಿ ಆಯಿತು. ಅದನ್ನು 0.2 ಗ್ರಾಂನಿಂದ ಭಾಗಿಸಿದರೆ ಬರುವುದು ಎರಡೂವರೆ ಲಕ್ಷ ಚದರ ಮೀಟರ್. ಎಕರೆಗೆ ತಿರುಗಿಸಿದರೆ ಅರವತ್ತಕ್ಕೂ ಮಿಕ್ಕಿ. ಒಂದು ದಿನದ ಪಲ್ಪಿಂಗ್ ನೀರಿಗೆ ಅರವತ್ತು ಎಕರೆ ನ್ಯಾನೊ ಪೊರೆ! (ಸಭೆಯಲ್ಲಿ ನಗು.) ಅಷ್ಟು ಜಾಗ ಇದ್ದರೆ ನೀವು ಅಲ್ಲಿ ಕಾಫಿಯನ್ನೇ ಹಾಕುತ್ತೀರಿ. ನೀಲಿ ಬೆಳಕನ್ನೂ ಹಿಡಿಯುವ ವಸ್ತು ಬಳಸಿ, ಕೆಲವು ಪಟ್ಟು ಕಡಿಮೆ ಆಗಲಿ, ಹತ್ತು ಎಕರೆಗಾದರೂ ಬೇಕೇ ಬೇಕು. ಆ ಕಂದು ನೀರಿನೊಳಗೆ ಬೆಳಕು ಒಂದು ಇಂಚೂ ಸರಿಯಾಗಿ ಇಳಿಯುವುದಿಲ್ಲ ಎನ್ನುವುದನ್ನು ನಾನಿನ್ನೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಆ ನೀರಿಗೆ ಬೇರೆ ದಾರಿ ಇದೆ, ಮೊದಲಿನಿಂದಲೂ ಇದೆ. ಸುಣ್ಣ ಹಾಕಿ ಹುಳಿ ಮುರಿಯುವುದು, ಗಾಳಿಯಿಲ್ಲದ ಹೊಂಡದಲ್ಲಿ ಕೊಳೆಸುವುದು, ಆಮೇಲೆ ಗಾಳಿಯಾಡುವ ಹೊಂಡ. ಸಕ್ಕರೆಯನ್ನು ತಿನ್ನಲು ಬ್ಯಾಕ್ಟೀರಿಯಾಗಳಿಗೆ ಬಿಸಿಲಿನ ಹಂಗಿಲ್ಲ, ರಾತ್ರಿಯೂ ಕೆಲಸ ಮಾಡುತ್ತವೆ, ಮೇಲಿಂದ ಅಡುಗೆಗೆ ಗ್ಯಾಸನ್ನೂ ಕೊಡುತ್ತವೆ. ನೀರನ್ನು ಹೊಳೆಗೆ ಬಿಡಬೇಕಾದರೆ ಬಿಒಡಿ, ಅಂದರೆ ಕೊಳೆಯನ್ನು ತಿನ್ನಲು ಸೂಕ್ಷ್ಮಾಣುಗಳಿಗೆ ಬೇಕಾಗುವ ಆಮ್ಲಜನಕ, ಲೀಟರಿಗೆ 30 ಮಿಲಿಗ್ರಾಂ ಒಳಗಿರಬೇಕು, ನೆಲಕ್ಕೆ ಹಾಯಿಸುವುದಾದರೆ 100ರ ಒಳಗೆ ಎನ್ನುವುದು ಸಾಮಾನ್ಯ ಮಾನದಂಡ. ಅಲ್ಲಿಗೆ ತಲುಪುವುದಕ್ಕೆ ಹೊಂಡದಲ್ಲಿ ದಿನ ಕೊಡಬೇಕು, ಹೊಂಡಕ್ಕೆ ಜಾಗ ಕೊಡಬೇಕು. ಅದಕ್ಕೂ ಮೊದಲು ಪಲ್ಪರ್‌ಗೆ ಬಳಸುವ ನೀರನ್ನೇ ಕಡಿಮೆ ಮಾಡಬೇಕು. ನ್ಯಾನೊ ಹೆಸರು ಕೇಳಿ ಹೊಂಡ ತೋಡುವುದನ್ನು ಮುಂದೂಡಿದವರು ಯಾರಾದರೂ ಇದ್ದರೆ ದಯವಿಟ್ಟು ತೋಡಿಸಿ.

ಹಾಗಾದರೆ ಈ ಪೊರೆ ಬೇಕಾಗಿರುವುದು ಎಲ್ಲಿ? ಕೊಳೆ ತೀರಾ ತೆಳುವಾಗಿದ್ದು, ಆದರೂ ಅಪಾಯಕಾರಿಯಾಗಿದ್ದು, ಬ್ಯಾಕ್ಟೀರಿಯಾ ಮುಟ್ಟದೆ ಬಿಡುವ ಕಡೆ. ಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿರುವ ಕೀಟನಾಶಕ, ಆಸ್ಪತ್ರೆ ಕಡೆಯಿಂದ ಬರುವ ಔಷಧದ ಉಳಿಕೆ, ಬೇಸಿಗೆಯಲ್ಲಿ ಹಸಿರುಗಟ್ಟಿದ ಕೆರೆಯ ಪಾಚಿ ಬಿಡುವ ಮೈಕ್ರೋಸಿಸ್ಟಿನ್ ಎಂಬ ವಿಷ. ಆದರೆ ಮಲೆನಾಡಿನಲ್ಲಿ ಇನ್ನೊಂದು ಗಂಟು ಬೀಳುತ್ತದೆ. ಗಿಡಕ್ಕೆ ಔಷಧಿ ಹೊಡೆದದ್ದು ತೋಟದಿಂದ ಹಳ್ಳಕ್ಕೆ ಇಳಿಯುವುದು ಯಾವಾಗ? ಮಳೆಗಾಲದಲ್ಲಿ. ಜುಲೈಯಲ್ಲಿ ಇಲ್ಲಿ ಬಿಸಿಲು ಎಷ್ಟು ಸಿಗುತ್ತದೆ? ಜನವರಿಯ ಅರ್ಧದ ಆಸುಪಾಸು, ಗಿರಿ ಕಡೆ ಮಂಜು ಕವಿದ ದಿನ ಅದೂ ಇಲ್ಲ. ಮೋಡ ಕಾಣುವ ಬೆಳಕನ್ನು ತಡೆದಷ್ಟು ನೇರಳಾತೀತವನ್ನು ತಡೆಯುವುದಿಲ್ಲ, ಅದೊಂದು ಚಿಕ್ಕ ಸಮಾಧಾನ. ಆದರೆ ಹಳ್ಳದ ನೀರು ಕೆಂಪಗೆ ಕದಡಿರುತ್ತದೆ, ಪೊರೆ ಒಂದೇ ದಿನಕ್ಕೆ ಮಣ್ಣಿನಿಂದ ಮುಚ್ಚಿಹೋಗುತ್ತದೆ. ಕೊಯ್ಲಿನ ಕಾಲದಲ್ಲಿ ಬಿಸಿಲಿದೆ, ಕೊಳೆ ದಪ್ಪ. ಮಳೆಗಾಲದಲ್ಲಿ ಕೊಳೆ ತೆಳು, ಬಿಸಿಲಿಲ್ಲ. ಈ ತಂತ್ರವನ್ನು ಹೊಗಳುವವರಾಗಲಿ ತೆಗಳುವವರಾಗಲಿ ನಮ್ಮ ಪಂಚಾಂಗ ನೋಡಿ ಮಾತಾಡಿದ್ದನ್ನು ನಾನು ಕೇಳಿಲ್ಲ.

ಈ ಗಂಟು ಬಿಡಿಸುವ ದಾರಿ ಹೊಳೆಯ ಹತ್ತಿರ ಇಲ್ಲ, ಔಷಧಿ ಕಲಸುವ ಡ್ರಮ್ಮಿನ ಹತ್ತಿರ ಇದೆ ಎಂದು ನನಗೆ ಅನ್ನಿಸುತ್ತದೆ. ಸ್ಪೇನಿನ ಅಲ್ಮೇರಿಯ ಎಂಬಲ್ಲಿ ಹಸಿರುಮನೆ ಬೇಸಾಯ ವಿಪರೀತ. ಖಾಲಿ ಕೀಟನಾಶಕ ಡಬ್ಬಿಗಳನ್ನು ತೊಳೆದ ನೀರನ್ನು ಅಲ್ಲಿ ಬಿಸಿಲಿನಲ್ಲೇ ಶುದ್ಧ ಮಾಡುವ ವ್ಯವಸ್ಥೆ ಕಟ್ಟಿದರು. ಅವರು ಬಳಸಿದ್ದು ಕಬ್ಬಿಣದ ಲವಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್, ನಾರಿನ ಪೊರೆಯಲ್ಲ. ಆದರೆ ಜಾಗ ಆರಿಸಿದ ಬುದ್ಧಿ ನಮಗೆ ಬೇಕಾದದ್ದು. ವಿಷ ಹೊಳೆಗೆ ಸೇರಿ ಲಕ್ಷಾಂತರ ಲೀಟರಿನಲ್ಲಿ ಹರಡುವ ಮೊದಲೇ, ಅದು ನೂರು ಲೀಟರಿನಲ್ಲಿ ಕೈಗೆ ಸಿಗುವಾಗಲೇ ಹಿಡಿಯುವುದು.

ನಮ್ಮದೇ ಲೆಕ್ಕ ಹಾಕೋಣ. ಸ್ಪ್ರೇಯರ್, ಡ್ರಮ್ಮು, ಡಬ್ಬಿ ತೊಳೆದ ನೀರು 100 ಲೀಟರ್, ಸಿಒಡಿ ಲೀಟರಿಗೆ 300 ಮಿಲಿಗ್ರಾಂ. ಒಟ್ಟು 30 ಗ್ರಾಂ. ನಮ್ಮ 0.2ರಿಂದ ಭಾಗಿಸಿದರೆ 150. ಐದು ಚದರ ಮೀಟರ್ ಪೊರೆ ಇದ್ದರೆ 30 ದಿನದ ಬಿಸಿಲು ಸಾಕು. ಎಲ್ಲಕ್ಕಿಂತ ಮುಖ್ಯವಾಗಿ ಈ ನೀರನ್ನು ಮುಚ್ಚಳ ಹಾಕಿದ ಸಿಂಟೆಕ್ಸಿನಲ್ಲಿ ತುಂಬಿಟ್ಟು ಮಳೆ ಬಿಡುವವರೆಗೆ ಕಾಯಬಹುದು. ನವೆಂಬರಿನಿಂದ ಏಪ್ರಿಲ್‌ವರೆಗೆ ಬಿಸಿಲಿಗೆ ಬರವಿಲ್ಲ. ಹೊಳೆಯನ್ನು ತಡೆದು ನಿಲ್ಲಿಸಲಾಗದು, ಡ್ರಮ್ಮನ್ನು ನಿಲ್ಲಿಸಿಟ್ಟು ಕಾಯಬಹುದು. ಹಾಗಂತ ಇದಕ್ಕೂ ಮುಂಚೆ ಮಾಡಬೇಕಾದ ಖರ್ಚಿಲ್ಲದ ಕೆಲಸವೊಂದಿದೆ. ಡಬ್ಬಿಯನ್ನು ಮೂರು ಸಲ ಗಲಬರಿಸಿ ಆ ನೀರನ್ನು ಹೊಡೆಯುವ ಔಷಧಿಗೇ ಸೇರಿಸಿಬಿಡುವುದು. ಅದನ್ನು ಮಾಡಿದ ಮೇಲೂ ಉಳಿಯುವ ನೀರಿಗಷ್ಟೇ ಈ ಪೊರೆ.

ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣದ ಡ್ರಮ್ಮನ್ನು ಮಾತ್ರ ಇದಕ್ಕೆ ತರಬೇಡಿ. ಮೈಲುತುತ್ತದಲ್ಲಿರುವುದು ತಾಮ್ರ. ತಾಮ್ರ ಮೂಲವಸ್ತು, ಬೆಳಕಿನಿಂದಾಗಲಿ ರ‍್ಯಾಡಿಕಲ್‌ನಿಂದಾಗಲಿ ಅದು ಒಡೆದು ಮಾಯವಾಗುವುದಿಲ್ಲ. ಸುಣ್ಣದಲ್ಲಿ ತಳಕ್ಕಿಳಿದ ಕೆಸರನ್ನು ಬೇರೆ ತೆಗೆದಿಡಬೇಕು.

ಇನ್ನು ಆ ಎರಡು ಲೋಟದ ಚಿತ್ರಕ್ಕೆ ಬರುತ್ತೇನೆ. ಪ್ರಯೋಗಾಲಯದವರಿಗೆ ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಅಚ್ಚುಮೆಚ್ಚು. ಅಗ್ಗ, ಕಣ್ಣಿಗೆ ಕಾಣುತ್ತದೆ, ಬಣ್ಣಮಾಪಕದಲ್ಲಿ ಐದು ನಿಮಿಷಕ್ಕೆ ಅಳೆಯಬಹುದು. ಬಣ್ಣ ಹೋಗುವುದಕ್ಕೆ ನಾಲ್ಕು ಕಾರಣಗಳಿರಬಹುದು. ಅಣು ನಿಜವಾಗಿ ಒಡೆದಿರಬಹುದು. ಬರೀ ನಾರಿಗೆ ಅಂಟಿಕೊಂಡಿರಬಹುದು, ಇದು ಕತ್ತಲಲ್ಲೂ ಆಗುತ್ತದೆ. ಬಣ್ಣ ತಾನೇ ಬೆಳಕು ಹೀರಿ ತಾನೇ ಕೆಟ್ಟಿರಬಹುದು. ಅಥವಾ ಬಣ್ಣವಿಲ್ಲದ ರೂಪಕ್ಕೆ ಹೋಗಿ, ಗಾಳಿ ಸೇರಿಸಿ ಕುಲುಕಿದರೆ ಮತ್ತೆ ನೀಲಿಯಾಗಬಹುದು. ಲೋಟದ ಚಿತ್ರದಲ್ಲಿ ನಾಲ್ಕೂ ಒಂದೇ ಥರ ಕಾಣುತ್ತದೆ. ಹಾಗಾಗಿ ಬಣ್ಣ ಹೋಯಿತೇ ಎಂದು ಕೇಳಬಾರದು, ನೀರಿನಲ್ಲಿದ್ದ ಇಂಗಾಲ ಎಷ್ಟು ಕಡಿಮೆಯಾಯಿತು ಎಂದು ಕೇಳಬೇಕು.

ಇದು ಬರೀ ಪಂಡಿತರ ತಕರಾರಲ್ಲ. ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ನಿಮ್ಮಲ್ಲಿ ಹಲವರಿಗೆ ಗೊತ್ತು. ಅದರ ಅಣುವಿನಲ್ಲಿ ರಂಜಕಕ್ಕೆ ಅಂಟಿದ ಒಂದು ಗಂಧಕವಿದೆ. ಉತ್ಕರ್ಷಣ ಶುರುವಾದಾಗ ಆ ಗಂಧಕದ ಜಾಗಕ್ಕೆ ಆಮ್ಲಜನಕ ಬರುತ್ತದೆ, ಕ್ಲೋರ್‌ಪೈರಿಫಾಸ್ ಆಕ್ಸಾನ್ ಆಗುತ್ತದೆ. ನರಗಳ ಮೇಲೆ ಇದರ ಏಟು ಮೂಲ ಔಷಧಿಗಿಂತ ಜೋರು. ನೀವು ಪೊರೆಯಿಂದ ನೀರನ್ನು ಬೇಗ ಬೇಗ ಹಾಯಿಸಿ, ಮೂಲ ಕೀಟನಾಶಕ ಮಾತ್ರ ಎಷ್ಟು ಉಳಿದಿದೆ ಎಂದು ಅಳೆದರೆ ವರದಿ ಚೆನ್ನಾಗಿರುತ್ತದೆ, ನೀರು ಮೊದಲಿಗಿಂತ ಕೆಟ್ಟದ್ದಾಗಿರುತ್ತದೆ. ಬಿಸಿಲಿನಲ್ಲಿ 30 ದಿನ ಎಂದು ನಾನು ಧಾರಾಳವಾಗಿ ಹಾಕಿದ್ದು ಇದೇ ಕಾರಣಕ್ಕೆ. ಅರ್ಧಕ್ಕೆ ನಿಲ್ಲಿಸುವ ಹಾಗಿದ್ದರೆ ಶುರು ಮಾಡದಿರುವುದೇ ವಾಸಿ.

ಮಾತು ಮುಗಿಸಿ ಪ್ರಶ್ನೆಗಳಿಗೆ ಬರೋಣ.

ಕಡೂರಿನ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು ಕೇಳಿದರು: "ಮೇಷ್ಟ್ರೇ, ಮಲೆನಾಡಿನ ಕಥೆ ಆಯ್ತು. ನಮ್ಮ ಬೋರ್‌ವೆಲ್ಲಿನ ಫ್ಲೋರೈಡಿಗೆ ಇದು ಆಗುತ್ತಾ?"

ಆಗುವುದಿಲ್ಲ ಯಜಮಾನರೇ. ತಾಮ್ರಕ್ಕೆ ಹೇಳಿದ್ದೇ ಫ್ಲೋರೈಡಿಗೂ. ಒಡೆಯುವುದಕ್ಕೆ ಅಲ್ಲೇನೂ ಇಲ್ಲ, ಹೀರಿ ತೆಗೆಯಬೇಕು ಅಥವಾ ಸೋಸಿ ತೆಗೆಯಬೇಕು. ಆರ್‌ಒ ಇದೆ, ಆ್ಯಕ್ಟಿವೇಟೆಡ್ ಅಲ್ಯೂಮಿನಾ ಇದೆ, ಪಟಿಕ ಮತ್ತು ಸುಣ್ಣ ಬಳಸುವ ನಲ್ಗೊಂಡ ವಿಧಾನ ಇದೆ. ನೈಟ್ರೇಟು, ಗಡಸುತನ ಇವಕ್ಕೂ ಈ ಪೊರೆ ಉತ್ತರವಲ್ಲ.

ಹೋಮ್‌ಸ್ಟೇ ನಡೆಸುವ ಒಬ್ಬ ಮೇಡಂ: "ನಮ್ಮ ಬಾವಿ ನೀರು ನೋಡೋಕೆ ತಿಳಿಯಾಗೇ ಇದೆ. ಆದ್ರೂ ಗೆಸ್ಟುಗಳಿಗೆ ಕೊಡೋಕೆ ಭಯ. ಇದನ್ನ ಹಾಕಿಸ್ಬಹುದಾ?"

ನಿಮ್ಮ ಭಯ ರೋಗಾಣುಗಳದ್ದಾದರೆ ಕುದಿಸಿ, ಅಥವಾ ಸಾಧಾರಣ ಯುವಿ ಫಿಲ್ಟರ್ ಹಾಕಿಸಿ. ಕರೆಂಟಿಲ್ಲದ ಕಡೆ ತಿಳಿನೀರನ್ನು ಪಾರದರ್ಶಕ ಪೆಟ್ ಬಾಟಲಿಯಲ್ಲಿ ತುಂಬಿ ಆರು ಗಂಟೆ ಒಳ್ಳೆಯ ಬಿಸಿಲಿಗಿಡುವ ವಿಧಾನವನ್ನು ಎಷ್ಟೋ ದೇಶಗಳಲ್ಲಿ ಬಳಸುತ್ತಾರೆ, ಮೋಡವಿದ್ದರೆ ಎರಡು ದಿನ ಬೇಕು. ಅದಕ್ಕೆ ನ್ಯಾನೊ ಬೇಡ. ಬಾವಿಗೂ ಶೌಚದ ಗುಂಡಿಗೂ ಎಷ್ಟು ದೂರವಿದೆ ಎಂದು ಮೊದಲು ಅಳೆಸಿ.

"ಪೊರೆಯಿಂದ ನ್ಯಾನೊ ಕಣ ಉದುರಿ ಹೊಟ್ಟೆಗೆ ಹೋದರೆ?" ಇದನ್ನು ಕೇಳಿದ್ದು ಹಿಂದಿನ ಸಾಲಿನ ಯುವಕ. ಸರಿಯಾದ ಪ್ರಶ್ನೆ. ಟೈಟಾನಿಯಂ ಡೈಆಕ್ಸೈಡನ್ನು ಸಿಹಿತಿಂಡಿ, ಮಾತ್ರೆಗಳ ಬಿಳುಪಿಗೆ ಬಹುಕಾಲ ಬಳಸುತ್ತಿದ್ದರು. 2022ರಲ್ಲಿ ಯುರೋಪಿಯನ್ ಒಕ್ಕೂಟ ಆಹಾರದಲ್ಲಿ ಅದನ್ನು ನಿಷೇಧಿಸಿತು. ಹಾಗಾಗಿ ಕುಡಿಯುವ ನೀರಿಗೆ ಬಳಸುವ ಪೊರೆಯಿಂದ ಎಷ್ಟು ಟೈಟಾನಿಯಂ ಹೊರಬರುತ್ತದೆ ಎಂಬ ಪರೀಕ್ಷೆ ಇಲ್ಲದೆ ಯಾರೂ ಮಾರಕೂಡದು, ಯಾರೂ ಕೊಳ್ಳಕೂಡದು. ಡ್ರಮ್ಮಿನ ನೀರಿಗೆ ಈ ಭಯ ಕಡಿಮೆ, ಅದನ್ನು ಯಾರೂ ಕುಡಿಯುವುದಿಲ್ಲ.

ಕೊನೆಗೆ ಬಿಎಸ್‌ಸಿ ಓದುತ್ತಿರುವ ಹುಡುಗಿಯೊಬ್ಬಳು: "ಸರ್, ನಮ್ಮ ಕಾಲೇಜಲ್ಲಿ ಎಲೆಕ್ಟ್ರೋಸ್ಪಿನ್ನಿಂಗ್ ಮಷೀನ್ ಇಲ್ಲ. ಪ್ರಾಜೆಕ್ಟ್ ಏನು ಮಾಡಬಹುದು?"

ಮಷೀನ್ ಇರುವವರು ಹೆಚ್ಚಾಗಿ ಮಾಡದ ಕೆಲಸ ನಿಮಗೆ ಉಳಿದಿದೆಯಮ್ಮ. ಪೊರೆ ಮಾಡುವವರು ಹೆಚ್ಚಾಗಿ ಪರೀಕ್ಷೆ ಮಾಡುವುದು ಬಟ್ಟಿ ಇಳಿಸಿದ ನೀರಿನಲ್ಲಿ, ಝೀನಾನ್ ದೀಪದ ಕೆಳಗೆ. ಹಿರೇಕೊಳಲೆ ಕೆರೆಯ ನೀರಿನಲ್ಲಿ, ಹಳ್ಳದ ನೀರಿನಲ್ಲಿ, ಸುಣ್ಣ ಹಾಕಿದ ಹೊಂಡದ ನೀರಿನಲ್ಲಿ ಬೈಕಾರ್ಬೊನೇಟ್ ಎಷ್ಟಿದೆ ಎಂದು ತಿಂಗಳು ತಿಂಗಳು ಟೈಟ್ರೇಷನ್ ಮಾಡಿ ಬರೆದಿಡಿ. ಬೈಕಾರ್ಬೊನೇಟ್ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ನುಂಗುತ್ತದೆ, ನಾನು ಹೇಳಿದ ನೂರಕ್ಕೆ ಒಂದು ಎನ್ನುವುದನ್ನು ಇನ್ನೂ ಕೆಳಗೆ ಎಳೆಯುತ್ತದೆ. ಇನ್ನು ಬೆಳಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ದಿನಕ್ಕೆ ಎಷ್ಟು ಫೋಟಾನ್ ಬೀಳುತ್ತದೆ ಎಂದು ನೀವೇ ಎಣಿಸಬಹುದು, ಮೀಟರ್ ಬೇಕಾಗಿಲ್ಲ. ಪೊಟ್ಯಾಷಿಯಂ ಫೆರ್ರಿಆಕ್ಸಲೇಟ್ ಎಂಬ ಹಸಿರು ಹರಳನ್ನು ಲ್ಯಾಬಿನಲ್ಲೇ ಮಾಡಿಕೊಳ್ಳಿ. ಅದರ ದ್ರಾವಣ ನೇರಳಾತೀತದಿಂದ ಹಿಡಿದು ಸುಮಾರು 500 ನ್ಯಾನೊಮೀಟರ್‌ವರೆಗಿನ ಬೆಳಕಿಗೆ ಒಡೆಯುತ್ತದೆ, ಎಷ್ಟು ಬೆಳಕು ಬಿತ್ತೋ ಅದಕ್ಕೆ ತಕ್ಕಷ್ಟು ಫೆರಸ್ ಕಬ್ಬಿಣ ಬರುತ್ತದೆ. 1,10-ಫಿನಾಂತ್ರೋಲಿನ್ ಹಾಕಿದರೆ ಕೆಂಪಾಗುತ್ತದೆ, ನಿಮ್ಮ ಕಾಲೇಜಿನ ಬಣ್ಣಮಾಪಕದಲ್ಲೇ ಓದಬಹುದು. ಹ್ಯಾಚರ್ಡ್ ಮತ್ತು ಪಾರ್ಕರ್ 1956ರಲ್ಲಿ ಹದಗೊಳಿಸಿದ ವಿಧಾನ, ಇವತ್ತಿಗೂ ನಡೆಯುತ್ತದೆ. ದ್ರಾವಣವನ್ನು ಕೆಂಪು ದೀಪದಲ್ಲಿ ಕಲಸಬೇಕು, ಬಾಟಲಿಗೆ ಕಪ್ಪು ಕಾಗದ ಸುತ್ತಿಡಬೇಕು, ಬಿಸಿಲಿಗೆ ಕೆಲವೇ ನಿಮಿಷ ಒಡ್ಡಬೇಕು. ಬಣ್ಣ ತೀರಾ ಗಾಢವಾದರೆ ತೆಳು ಮಾಡಿ ಓದಿ, ಇಲ್ಲದಿದ್ದರೆ ಒಳ್ಳೆಯ ಬಿಸಿಲಿನ ದಿನಗಳ ಅಂಕಿಗಳೆಲ್ಲ ಒಂದೇ ಥರ ಬರುತ್ತವೆ.